ಜ್ವರ ಇಳೀಲಿ, ಆಮೇಲೆ ನೋಡೋಣ

ಮೊದಲು ಗುರುತಿಸಿದ್ದು ನಮ್ಮ ಅತ್ತೆ. ಮಗನಿಗೆ ಆಗ ಒಂದೂವರೆ ವರ್ಷ. ಐದನೇ ಸಲವೋ ಆರನೇ ಸಲವೋ ಜ್ವರ ಬಂದಿತ್ತು, ನಾನು ಆಸ್ಪತ್ರೆಗೆ ಹೊರಡಲು ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದೆ. ಅವರು ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು, ಕನ್ನಡಕ ಸರಿ ಮಾಡಿಕೊಂಡು, "ನೋಡು, ಹೋದ ಸಲಾನೂ ಹುಣ್ಣಿಮೆ ಹಿಂದೆ ಮುಂದೆನೇ ಬಂದಿತ್ತು. ಅದಕ್ಕೆ ಮುಂಚೇನೂ ಅಷ್ಟೇ" ಅಂದರು. ನನಗೆ ಸಿಟ್ಟು ಬಂತು. ರಾತ್ರಿಯೆಲ್ಲ ನಿದ್ದೆಯಿಲ್ಲ, ಮಗುವಿನ ಮೈ 103 ಡಿಗ್ರಿ ಸುಡುತ್ತಿದೆ, ಇವರು ಹುಣ್ಣಿಮೆ ಎಣಿಸುತ್ತಿದ್ದಾರಲ್ಲ ಅಂತ. ಅಷ್ಟು ಹೊತ್ತಿಗೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ ದೃಷ್ಟಿ ತೆಗೆದಿದ್ದೂ ಆಗಿತ್ತು.

ಎಂಟು ತಿಂಗಳಾದ ಮೇಲೆ ಬೆಂಗಳೂರಿನಲ್ಲಿ ಮಕ್ಕಳ ರುಮಟಾಲಜಿ, ಅಂದರೆ ಕೀಲು ಮತ್ತು ಉರಿಯೂತದ ಕಾಯಿಲೆ ನೋಡುವ ಡಾಕ್ಟರ್ ಒಬ್ಬರ ಎದುರು ಕೂತಿದ್ದೆವು. ಅವರು ಫೈಲು ತೆರೆಯಲಿಲ್ಲ. "ಎಷ್ಟು ದಿನಕ್ಕೊಂದು ಸಲ ಬರುತ್ತೆ?" ಅಂತ ಕೇಳಿದರು. ಅದೇ ಮೊದಲ ಪ್ರಶ್ನೆ. ಅಷ್ಟು ದಪ್ಪ ಫೈಲಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಉತ್ತರ ಇದ್ದಿದ್ದು ಅತ್ತೆಯ ಹುಣ್ಣಿಮೆ ಲೆಕ್ಕದಲ್ಲಿ. ಹುಣ್ಣಿಮೆಯಿಂದ ಹುಣ್ಣಿಮೆಗೆ ಇಪ್ಪತ್ತೊಂಬತ್ತೂವರೆ ದಿನ. ನನ್ನ ಮಗನ ಜ್ವರ 28 ದಿನಕ್ಕೊಮ್ಮೆ. ಅದಕ್ಕೇ ಕೆಲವು ತಿಂಗಳು ಎರಡೂ ಜೊತೆಜೊತೆಯಾಗಿ ನಡೆದು, ಆಮೇಲೆ ನಿಧಾನಕ್ಕೆ ಬೇರೆಯಾದವು. ಚಂದ್ರನಿಗೂ ಜ್ವರಕ್ಕೂ ಸಂಬಂಧ ಇರಲಿಲ್ಲ, ನಿಜ. ಆದರೆ ಈ ಜ್ವರ ಮನಬಂದಂತೆ ಬರುತ್ತಿಲ್ಲ, ಲೆಕ್ಕ ಇಟ್ಟು ಬರುತ್ತಿದೆ ಅನ್ನುವುದನ್ನು ಹಾಸನದ ನಮ್ಮ ಮನೆಯಲ್ಲಿ ಏಳನೇ ಕ್ಲಾಸು ಓದಿದ ಅತ್ತೆ ಕಂಡುಹಿಡಿದಿದ್ದರು. ನಾವು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ಜ್ವರ ಹೇಗಿರುತ್ತಿತ್ತು ಅಂತ ಹೇಳಬೇಕು. ಹಿಂದಿನ ದಿನ ಸಂಜೆಯೇ ಗೊತ್ತಾಗುತ್ತಿತ್ತು. ಕಣ್ಣಿನ ಕೆಳಗೆ ಸ್ವಲ್ಪ ಕೆಂಪು, ಆಟದ ಮಧ್ಯೆ ಸುಮ್ನೆ ಬಂದು ನನ್ನ ತೊಡೆಗೆ ಒರಗಿ ಕೂರುವುದು. ಬೆಳಗಿನ ಜಾವ ಅಂಗಾಲು ತಣ್ಣಗೆ, ತಲೆ ಕಾದ ಹೆಂಚು. ಪ್ಯಾರಾಸಿಟಮಾಲ್ ಕೊಟ್ಟರೆ ಎರಡು ಗಂಟೆ 101ಕ್ಕೆ ಇಳಿದು ಮತ್ತೆ 104. ಕತ್ತಿನಲ್ಲಿ ಅವರೆಕಾಳಿನಂಥ ಗಂಟು, ಗಂಟಲು ಕೆಂಪು, ಎರಡನೇ ದಿನಕ್ಕೆ ಒಳತುಟಿಯಲ್ಲಿ ಬಿಳಿ ಹುಣ್ಣು. ಗಂಜಿ ಬಾಯಿಗಿಟ್ಟರೆ ಅಳು. ಐದನೇ ದಿನ ಬೆಳಿಗ್ಗೆ ಮೈ ತಣ್ಣಗಾಗಿ, ಏನೂ ಆಗಿಲ್ಲವೆನ್ನುವ ಹಾಗೆ ಎದ್ದು ಕೂತು ಬಿಸ್ಕತ್ತಿಗೆ ಕೈ ಚಾಚುತ್ತಿದ್ದ.

ಈ ಐದನೇ ದಿನವೇ ನಮ್ಮೆಲ್ಲರನ್ನೂ ದಾರಿ ತಪ್ಪಿಸಿದ್ದು. ಮೂರನೇ ದಿನ ಆಂಟಿಬಯಾಟಿಕ್ ಶುರು ಮಾಡುತ್ತಾರೆ, ಐದನೇ ದಿನ ಜ್ವರ ಹೋಗುತ್ತದೆ, ಔಷಧಿ ಕೆಲಸ ಮಾಡಿತು ಅಂತ ಎಲ್ಲರಿಗೂ ಸಮಾಧಾನ. ಔಷಧಿ ಕೊಡದಿದ್ದರೂ ಐದನೇ ದಿನ ಹೋಗುತ್ತಿತ್ತು ಅನ್ನುವುದು ಆಮೇಲೆ ತಿಳಿಯಿತು. ಒಂದು ವರ್ಷದಲ್ಲಿ ಒಂಬತ್ತು ಸಲ ಆಂಟಿಬಯಾಟಿಕ್ ಕುಡಿದ ಮಗು ಅವನು. ಒಮ್ಮೆ ಹಲ್ಲು ಬರ್ತಿದೆ ಅಂದರು, ನಾಲ್ಕು ಸಲ ಟಾನ್ಸಿಲ್ ಅಂದರು, ಒಮ್ಮೆ ವಿಡಾಲ್ ಅನ್ನುವ ರಕ್ತಪರೀಕ್ಷೆ ನೋಡಿ ಟೈಫಾಯ್ಡ್ ಅಂದರು. ವಿಡಾಲ್ ಒಂದನ್ನೇ ನಂಬಿ ಟೈಫಾಯ್ಡ್ ಅನ್ನುವ ಹಾಗಿಲ್ಲ, ನಮ್ಮಂಥ ಊರುಗಳಲ್ಲಿ ಟೈಫಾಯ್ಡ್ ಇಲ್ಲದವರಿಗೂ ಅದು ಪಾಸಿಟಿವ್ ಬರುವುದುಂಟು. ಆ ಡಾಕ್ಟರುಗಳ ಮೇಲೆ ನನಗೆ ಈಗ ಕೋಪ ಇಲ್ಲ. ಡೆಂಗಿ, ಟೈಫಾಯ್ಡ್, ವೈರಲ್ ಇಷ್ಟು ಓಡಾಡುವ ನಾಡಿನಲ್ಲಿ ಜ್ವರ ಅಂದ ತಕ್ಷಣ ಸೋಂಕನ್ನೇ ಹುಡುಕಬೇಕು, ಬೇರೆ ದಾರಿ ಇಲ್ಲ. ಆದರೆ ಅದೇ ಮಗು ಅದೇ ರೀತಿಯ ಜ್ವರ ಹೊತ್ತು ಹತ್ತನೇ ಸಲ ಬಂದಾಗ ಯಾರಾದರೂ ಒಬ್ಬರು ಹಿಂದಿನ ಒಂಬತ್ತು ಚೀಟಿಗಳನ್ನು ಮೇಜಿನ ಮೇಲೆ ಹರಡಿ ತಾರೀಖು ನೋಡಬೇಕಿತ್ತು.

ಕಾಯಿಲೆಯ ಹೆಸರು ಪಿಎಫ್‌ಎಪಿಎ. ಮತ್ತೆ ಮತ್ತೆ ಬರುವ ಜ್ವರ, ಬಾಯಿಹುಣ್ಣು, ಗಂಟಲುರಿ, ಕತ್ತಿನ ಗಂಟು, ಈ ನಾಲ್ಕರ ಇಂಗ್ಲಿಷ್ ಹೆಸರುಗಳ ಮೊದಲ ಅಕ್ಷರ ಸೇರಿಸಿ ಮಾಡಿದ್ದು. 1987ರಲ್ಲಿ ಅಮೆರಿಕದ ಮಾರ್ಷಲ್ ಅನ್ನುವ ಡಾಕ್ಟರ್ ಮತ್ತು ಜೊತೆಗಾರರು 12 ಮಕ್ಕಳ ವಿವರ ಬರೆದು ಇದನ್ನು ಮೊದಲು ಗುರುತಿಸಿದರು. ಸಾಮಾನ್ಯವಾಗಿ ಐದು ವರ್ಷದೊಳಗೆ ಶುರುವಾಗುತ್ತದೆ, 3ರಿಂದ 6 ವಾರಕ್ಕೊಮ್ಮೆ ಬರುತ್ತದೆ, ಮೂರರಿಂದ ಆರು ದಿನ ಇರುತ್ತದೆ, ಬಹಳ ಮಕ್ಕಳಲ್ಲಿ ದೊಡ್ಡವರಾಗುತ್ತ ತಾನಾಗೇ ನಿಲ್ಲುತ್ತದೆ. ಇದು ಸೋಂಕಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಮೈಯ ರಕ್ಷಣೆಗೆ ಇರುವ ವ್ಯವಸ್ಥೆ ಶತ್ರು ಇಲ್ಲದಿದ್ದರೂ ಗಂಟೆ ಬಾರಿಸಿಬಿಡುತ್ತದೆ, ಉರಿಯೂತ ಎದ್ದುಬಿಡುತ್ತದೆ. ಜ್ವರದ ದಿನ ಮಗನ ರಕ್ತದಲ್ಲಿ ಉರಿಯೂತದ ಮಟ್ಟ ತೋರಿಸುವ ಸಿಆರ್‌ಪಿ ಗಗನಕ್ಕೆ ಏರಿರುತ್ತಿತ್ತು, ಎರಡು ವಾರ ಬಿಟ್ಟು ಮಾಡಿಸಿದರೆ ನಾರ್ಮಲ್. ಈ ಎರಡನೇ ಟೆಸ್ಟನ್ನು ಅಲ್ಲಿಯವರೆಗೆ ಯಾರೂ ಮಾಡಿಸಿರಲಿಲ್ಲ. ಮಗು ಚೆನ್ನಾಗಿದ್ದಾಗ ರಕ್ತ ಯಾಕೆ ತೆಗೀಬೇಕು ಅಂತ ನಮಗೂ ಅನಿಸುತ್ತದೆ, ಅಲ್ವಾ?

ಇಷ್ಟು ಜ್ವರದ ಕಥೆ. ನಾನು ಬರೆಯಲು ಕೂತಿದ್ದು ಅದರ ನೆರಳಿನಲ್ಲಿ ಯಾರಿಗೂ ಕಾಣದೆ ಉಳಿದ ಇನ್ನೊಂದು ವಿಷಯಕ್ಕೆ.

ಮಗ ನಡೆದಿದ್ದು 19 ತಿಂಗಳಿಗೆ. ವಿಶ್ವ ಆರೋಗ್ಯ ಸಂಸ್ಥೆಯವರು ಭಾರತ ಸೇರಿ ಐದು ದೇಶದ ಮಕ್ಕಳನ್ನು ನೋಡಿ 2006ರಲ್ಲಿ ಒಂದು ಲೆಕ್ಕ ಕೊಟ್ಟಿದ್ದಾರೆ. ಯಾರ ಆಸರೆಯೂ ಇಲ್ಲದೆ ನಡೆಯುವುದು ಸುಮಾರು 8ರಿಂದ ಹದಿನೇಳೂವರೆ ತಿಂಗಳೊಳಗೆ ಬಂದರೆ ಸರಿ. ನಮ್ಮವನು ಆ ಗೆರೆ ದಾಟಿದ್ದ. ಮಾತಂತೂ ಇನ್ನೂ ಹಿಂದೆ. ಎರಡು ವರ್ಷಕ್ಕೆ "ಅಮ್ಮ", "ತಾತ", ನೀರಿಗೆ "ನೀ", ಇಂಥವು ಎಂಟು ಹತ್ತು ಮಾತು. ಆ ವಯಸ್ಸಿಗೆ ಐವತ್ತರ ಹತ್ತಿರ ಇರಬೇಕು, ಎರಡು ಪದ ಜೋಡಿಸಬೇಕು ಅಂತಾರೆ.

ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ತಾಯಿ ಕಾರ್ಡಿನಲ್ಲಿ ಯಾವ ತಿಂಗಳಿಗೆ ಮಗು ಏನು ಮಾಡಬೇಕು ಅಂತ ಚಿತ್ರ ಇದೆ, ನಾನು ಅದನ್ನು ತೆಗೆದು ನೋಡಿ ಮತ್ತೆ ಬೀರುವಿನಲ್ಲಿ ಇಟ್ಟಿದ್ದೇನೆ. ಕೇಳಿದ್ದೇನೆ ಕೂಡ. ಆದರೆ ನಾನು ಡಾಕ್ಟರ ಮುಂದೆ ಕೂರುತ್ತಿದ್ದುದೇ ಜ್ವರ ಬಂದಾಗ. ಮಡಿಲಲ್ಲಿ 104 ಡಿಗ್ರಿ ಮಗು, ಹೊರಗೆ ನಲವತ್ತು ಜನರ ಸಾಲು. "ಡಾಕ್ಟ್ರೇ, ಇವನು ಇನ್ನೂ ಮಾತಾಡ್ತಿಲ್ಲ" ಅಂದರೆ, "ಜ್ವರ ಇಳೀಲಿ ಅಮ್ಮ, ಆಮೇಲೆ ನೋಡೋಣ." ಜ್ವರ ಇಳಿಯುತ್ತಿತ್ತು. ಇಳಿದ ಮೇಲೆ ಚೆನ್ನಾಗಿರುವ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಯಾಕೆ, ಅಲ್ಲೇ ಇನ್ನೇನಾದರೂ ಅಂಟಿಸಿಕೊಂಡು ಬಂದರೆ ಅಂತ ನಾವೇ ಹೋಗುತ್ತಿರಲಿಲ್ಲ. ಅಷ್ಟರಲ್ಲಿ 28 ದಿನ ಆಗಿಬಿಡುತ್ತಿತ್ತು.

ಮನೆಯಲ್ಲೂ ಅದೇ ಮಾತು. ಪದೇಪದೇ ಹುಷಾರಿಲ್ಲದ ಮಗು, ಎಲ್ಲಿಂದ ಶಕ್ತಿ ಬರಬೇಕು, ಜ್ವರ ವಾಸಿಯಾದರೆ ತಾನಾಗೇ ನಡೀತಾನೆ. ಗಂಡುಮಕ್ಕಳು ಮಾತು ತಡ. ಅವರಪ್ಪಾನೂ ಮೂರು ವರ್ಷಕ್ಕೆ ಮಾತಾಡಿದ್ದು. 2013ರಲ್ಲಿ ಶುರುವಾದ ಸರ್ಕಾರದ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡುತ್ತದೆ, ಬೆಳವಣಿಗೆ ಹಿಂದೆ ಬಿದ್ದಿದ್ದರೆ ಜಿಲ್ಲಾ ಕೇಂದ್ರಕ್ಕೆ ಕಳಿಸುತ್ತದೆ. ಒಳ್ಳೆಯ ವ್ಯವಸ್ಥೆ. ನಮ್ಮ ಅಂಗನವಾಡಿಗೆ ತಂಡ ಬಂದ ಎರಡು ದಿನವೂ ಮಗ ಜ್ವರ ಬಂದು ಮನೆಯಲ್ಲಿ ಮಲಗಿದ್ದ.

ಬೆಂಗಳೂರಿನ ಡಾಕ್ಟರ್ ಕೇಳಿದ ಎರಡನೇ ಪ್ರಶ್ನೆ: "ಜ್ವರ ಇಲ್ಲದ ದಿನ ಇವನು ಏನೇನು ಮಾಡ್ತಾನೆ?" ಎರಡು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ನಾನು ಹೇಳುತ್ತಾ ಹೋದೆ. ಅವರು ಮೇಜಿನ ಡ್ರಾಯರಿನಿಂದ ಒಂದು ಹಾಳೆ ತೆಗೆದರು. ತಿರುವನಂತಪುರದ ಮಕ್ಕಳ ಬೆಳವಣಿಗೆ ಕೇಂದ್ರದಲ್ಲಿ ಮಾಡಿದ ಚಾರ್ಟು. ಒಂದೊಂದು ಕೌಶಲಕ್ಕೂ ಒಂದೊಂದು ಅಡ್ಡಪಟ್ಟಿ. ಮಗನ ವಯಸ್ಸಿಗೆ ಸರಿಯಾಗಿ ಒಂದು ಪೆನ್ಸಿಲನ್ನು ನೆಟ್ಟಗೆ ಇಟ್ಟರು. ಪೆನ್ಸಿಲಿನ ಎಡಗಡೆಗೆ ಮುಗಿದುಹೋದ ಪಟ್ಟಿಗಳನ್ನೆಲ್ಲ ಮಗು ಆಗಲೇ ಮಾಡುತ್ತಿರಬೇಕು. ಒಂದೊಂದನ್ನೇ ಬೆರಳಿಟ್ಟು ಕೇಳಿದರು. ನಾನು "ಇಲ್ಲ" ಅಂದೆ. ಇನ್ನೊಂದಕ್ಕೂ "ಇಲ್ಲ" ಅಂದೆ. ಮೂರನೆಯದಕ್ಕೆ ನನ್ನ ಗಂಟಲು ಕಟ್ಟಿತು. ಹತ್ತು ನಿಮಿಷವೂ ಹಿಡಿಯಲಿಲ್ಲ, ಒಂದು ಹಾಳೆ, ಒಂದು ಪೆನ್ಸಿಲ್ ಅಷ್ಟೇ.

ಆಮೇಲೆ ಅವರು ಹೇಳಿದ್ದನ್ನು ಇಂಥ ಜ್ವರದ ಮಕ್ಕಳಿರುವ ಎಲ್ಲ ಅಪ್ಪ ಅಮ್ಮಂದಿರಿಗೂ ಹೇಳಬೇಕು ಅಂತಲೇ ಇದನ್ನೆಲ್ಲ ಬರೆಯುತ್ತಿದ್ದೇನೆ. "ಪಿಎಫ್‌ಎಪಿಎ ಇರೋ ಮಗು ಜ್ವರಗಳ ಮಧ್ಯೆ ಚೆನ್ನಾಗಿ ಬೆಳೀತಿರಬೇಕು. ಆ ಕಾಯಿಲೇನ ಗುರುತಿಸೋ ನಿಯಮದಲ್ಲೇ ಅದಿದೆ. ಬೆಳವಣಿಗೆ ಹಿಂದೆ ಬಿದ್ದಿದೆ ಅಂದ್ರೆ ಜ್ವರದಿಂದ ಅಂತ ನಾವು ಸುಮ್ಮನಾಗೋ ಹಾಗಿಲ್ಲ. ಒಂದೋ ಇದು ಬೇರೆ ಜ್ವರದ ಕಾಯಿಲೆ. ಇಲ್ಲಾಂದ್ರೆ ಹಿಂದೆ ಬಿದ್ದಿದ್ದಕ್ಕೆ ಬೇರೆ ಕಾರಣ ಇದೆ. ಎರಡನ್ನೂ ಹುಡುಕೋಣ."

ಬೇರೆ ಜ್ವರದ ಕಾಯಿಲೆಗಳು ಅಂದರೆ ಯಾವುವು ಅಂತ ಮನೆಗೆ ಬಂದು ರಾತ್ರಿಗಳೆಲ್ಲ ಕೂತು ಓದಿದೆ. ಒಂದನ್ನು ಮೊದಲು 1984ರಲ್ಲಿ ನೆದರ್‌ಲ್ಯಾಂಡಿನಲ್ಲಿ ಗುರುತಿಸಿದರು. ಮೈಯಲ್ಲಿ ಕೊಲೆಸ್ಟ್ರಾಲ್ ತಯಾರಾಗುವ ದಾರಿಯಲ್ಲಿ ಮೆವಲೊನೇಟ್ ಕೈನೇಸ್ ಅನ್ನುವ ಒಂದು ಕಿಣ್ವ ಬೇಕು, ಅದು ಕಡಿಮೆಯಿದ್ದರೆ ಎಳೆಯ ಮಗುವಿಗೆ ತಿಂಗಳಿಗೊಮ್ಮೆ ಜ್ವರ. ಲಸಿಕೆ ಹಾಕಿಸಿದ ಬೆನ್ನಲ್ಲೇ ಬರುವುದೂ ಇದೆ. ಇದಕ್ಕೆ ಕಾರಣವಾದ ಜೀನು ಸಿಕ್ಕಿದ್ದು 1999ರಲ್ಲಿ. ಕಿಣ್ವ ಸ್ವಲ್ಪ ಉಳಿದಿದ್ದರೆ ಜ್ವರ ಮಾತ್ರ, ಬಹುತೇಕ ಇಲ್ಲವೇ ಇಲ್ಲ ಅಂದರೆ ಮಗುವಿನ ಬೆಳವಣಿಗೆ, ನಡಿಗೆ, ಮೈಯ ಹಿಡಿತ, ಕಣ್ಣು ಎಲ್ಲಕ್ಕೂ ಪೆಟ್ಟು. ಇನ್ನೊಂದು ಕಾಯಿಲೆ ಹುಟ್ಟಿದ ಕೆಲವೇ ವಾರಗಳಲ್ಲಿ ಕಾಣಿಸುತ್ತದೆ, ನೋಮಿಡ್ ಅಂತಾರೆ. ಮೈಮೇಲೆ ಪಿತ್ತದ ಗಂಧೆಯಂಥ ದದ್ದು, ಜ್ವರ, ಕೀಲು ಊತ. ಉರಿಯೂತ ಮೆದುಳಿನ ಪೊರೆಯಲ್ಲೂ ಕೂತುಬಿಡುತ್ತದೆ, ಕಿವಿ ಮಂದವಾಗುತ್ತದೆ, ಕಲಿಕೆ ಹಿಂದೆ ಬೀಳುತ್ತದೆ. ಅಲ್ಲಿ ಜ್ವರ ಮತ್ತು ಬೆಳವಣಿಗೆ ಎರಡಲ್ಲ, ಒಂದೇ ಬೆಂಕಿ. ಇಂಟರ್‌ಲ್ಯೂಕಿನ್-1 ಅನ್ನುವ ಸಂಕೇತವನ್ನು ತಡೆಯುವ ಅನಕಿನ್ರಾ ಔಷಧಿಯನ್ನು 18 ರೋಗಿಗಳಿಗೆ ಕೊಟ್ಟು ನೋಡಿದ ಫಲಿತಾಂಶ 2006ರಲ್ಲಿ ಬಂತು, ದದ್ದು ದಿನಗಳಲ್ಲೇ ಇಳಿದಿತ್ತು. ಬೇಗ ಶುರು ಮಾಡಿದಷ್ಟೂ ಕಿವಿ, ಮೆದುಳು ಉಳಿಯುತ್ತವೆ. ನಮ್ಮಲ್ಲಿ ಆ ಔಷಧಿ ಸುಲಭಕ್ಕೆ ಸಿಗುವುದಿಲ್ಲ, ಬೆಲೆಯೂ ಕೈಗೆಟುಕುವಂಥದ್ದಲ್ಲ. ಇಂಥ ಮಗುವಿನ ಅಮ್ಮನಿಗೆ "ಜ್ವರ ಇಳೀಲಿ, ಆಮೇಲೆ ನೋಡೋಣ" ಅಂದರೆ ಏನಾಗುತ್ತದೆ ಯೋಚಿಸಿ. ಅಲ್ಲಿ ತಡವಾದ ಪ್ರತಿ ತಿಂಗಳಿಗೂ ಬೆಲೆ ಇದೆ.

ನಮ್ಮವನಿಗೆ ಜ್ವರ ಏರಿದ ದಿನವೇ ಮೂತ್ರ ಹಿಡಿದು ಟೆಸ್ಟಿಗೆ ಕಳಿಸಿದೆವು, ಜೀನ್ ಟೆಸ್ಟಿಗೆ ರಕ್ತ ಕೊಟ್ಟೆವು. ಬಿಳಿ ರಕ್ತಕಣ 21 ದಿನಕ್ಕೊಮ್ಮೆ ಇಳಿದು ಜ್ವರ ಬರುವ ಕಾಯಿಲೆಯೂ ಇದೆ, ಇದು ಅದಲ್ಲ ಅಂತ ಖಚಿತ ಮಾಡಿಕೊಳ್ಳಲು ಆರು ವಾರ, ವಾರಕ್ಕೆರಡು ಸಲ ಆ ಪುಟ್ಟ ಕೈಗೆ ಸೂಜಿ. ರಿಪೋರ್ಟಿಗೆ ಕಾದ ದಿನಗಳ ಬಗ್ಗೆ ಬರೆಯಲಾರೆ. ಎಲ್ಲ ಸರಿಯಿತ್ತು. ಜ್ವರ ಪಿಎಫ್‌ಎಪಿಎನೇ.

ಹಾಗಾದರೆ ಮಾತು?

ಕಿವಿ ಟೆಸ್ಟಿನಲ್ಲಿ ಎರಡೂ ಕಿವಿಪೊರೆಯ ಹಿಂದೆ ನೀರು ನಿಂತಿದೆ ಅಂತ ಗೊತ್ತಾಯಿತು. ನೋವಿಲ್ಲ, ಸೋರುವುದಿಲ್ಲ, ಆದರೆ ಮಗುವಿಗೆ ಎಲ್ಲವೂ ಕಿವಿಗೆ ಹತ್ತಿ ಇಟ್ಟ ಹಾಗೆ ಕೇಳಿಸುತ್ತಿರುತ್ತದೆ. ನಾನು "ನೀರು" ಅಂದರೆ ಅವನಿಗೆ "ನೀ" ಮಾತ್ರ ಮುಟ್ಟುತ್ತಿತ್ತೇನೋ, ಅದನ್ನೇ ವಾಪಸ್ ಕೊಡುತ್ತಿದ್ದ. ಹತ್ತಾರು ಸಲ ಅವನ ಗಂಟಲಿಗೆ ಟಾರ್ಚ್ ಬಿಟ್ಟು ನೋಡಿದ್ದೇವೆ, ಕಿವಿ ಸರಿಯಾಗಿ ಕೇಳಿಸುತ್ತದಾ ಅಂತ ಒಂದು ಸಲವೂ ನೋಡಿರಲಿಲ್ಲ. ಇಂಥ ನೀರು ಬಹಳ ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನಾಗೇ ಇಳಿಯುತ್ತದೆ, ಇಲ್ಲದಿದ್ದರೆ ಸಣ್ಣ ಆಪರೇಷನ್. ಅವನದು ಇಳಿಯಿತು.

ಇನ್ನೊಂದು ಲೆಕ್ಕ ನಾನೇ ಹಾಕಿದೆ. ವರ್ಷಕ್ಕೆ 13 ಸಲ, ಸಲಕ್ಕೆ 5 ದಿನ, ಒಟ್ಟು 65 ದಿನ ಜ್ವರ. ಪ್ರತಿ ಸಲ ಸುಧಾರಿಸಿಕೊಳ್ಳಲು ಇನ್ನು ಮೂರು ದಿನ ಅಂದರೂ ನೂರು ದಾಟಿತು. ಆ ನೂರು ದಿನ ಅವನು ಬೀದಿಗೆ ಹೋಗಿಲ್ಲ, ಬೇರೆ ಮಗುವಿನ ಮುಖ ನೋಡಿಲ್ಲ, ಮೆಟ್ಟಿಲು ಹತ್ತಿಲ್ಲ. ಜಾಸ್ತಿ ಹೊತ್ತು ಮೊಬೈಲ್ ಕೈಗೆ ಕೊಟ್ಟಿದ್ದೇವೆ, ಯಾಕೆಂದರೆ ಅದನ್ನು ನೋಡುತ್ತಿದ್ದಾಗ ಮಾತ್ರ ಎರಡು ಚಮಚ ಗಂಜಿ ಒಳಗೆ ಹೋಗುತ್ತಿತ್ತು. ಇದೇ ಕಾರಣ ಅಂತ ಯಾರೂ ಕಡ್ಡಿ ಮುರಿದಂತೆ ಹೇಳಲಿಲ್ಲ. ಕಿವಿಯ ನೀರು, ಕಳೆದುಹೋದ ದಿನಗಳು, ಅವನ ಸ್ವಭಾವ, ಎಲ್ಲ ಸೇರಿರಬಹುದು.

ಒಂದು ಭಯ ಮಾತ್ರ ದೂರವಾಯಿತು, ನಿಮಗೂ ಹೇಳಿಬಿಡುತ್ತೇನೆ. 16 ತಿಂಗಳಿದ್ದಾಗ ಅವನಿಗೆ ಜ್ವರದಲ್ಲಿ ಫಿಟ್ಸ್ ಬಂದಿತ್ತು. ಕಣ್ಣು ಮೇಲೆ ಹೋಗಿ ಕೈಕಾಲು ಅದುರಿದ ಒಂದೂವರೆ ನಿಮಿಷ. ಯಾರೋ ಕೈಗೆ ಬೀಗದ ಕೈ ಹಿಡಿಸಿದರು, ಯಾರೋ ಬಾಯಿಗೆ ಚಮಚ ತುರುಕಲು ಬಂದರು. ಬಾಯಿಗೆ ಏನೂ ಇಡಬಾರದು, ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ ಗಡಿಯಾರ ನೋಡಬೇಕು, ಐದು ನಿಮಿಷ ಆಗುತ್ತಾ ಬಂತು ಅಂದರೆ ಆಸ್ಪತ್ರೆಗೆ ಓಡಬೇಕು ಅಂತ ಆಗ ನನಗೆ ತಿಳಿದಿರಲಿಲ್ಲ. ಅವತ್ತಿನಿಂದ, ಜ್ವರ ಇವನ ಮೆದುಳು ಸುಟ್ಟಿದೆ, ಅದಕ್ಕೇ ಮಾತಿಲ್ಲ, ನಾನು ಬೇಗ ಒದ್ದೆಬಟ್ಟೆ ಹಾಕಬೇಕಿತ್ತು ಅಂತ ಒಳಗೊಳಗೇ ಕೊರಗಿದ್ದೇನೆ. ಹಾಗಲ್ಲವಂತೆ. ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಇದು ಬರುತ್ತದೆ, ಹೀಗೆ ಬೇಗ ನಿಂತುಹೋಗುವ ಸಾದಾ ಫಿಟ್ಸಿನಿಂದ ಬುದ್ಧಿಗೆ ಏನೂ ಆಗುವುದಿಲ್ಲ. ಡಾಕ್ಟರ್ ಇದನ್ನು ಹೇಳಿದಾಗ ಪಕ್ಕದಲ್ಲಿದ್ದ ನನ್ನ ಗಂಡ ದೊಡ್ಡದಾಗಿ ಉಸಿರು ಬಿಟ್ಟಿದ್ದು ಕೇಳಿಸಿತು. ಅವರೂ ಕೊರಗುತ್ತಿದ್ದರು ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಚಿಕಿತ್ಸೆ ಬಗ್ಗೆ ಹೆಚ್ಚಿಲ್ಲ. ಜ್ವರ ಏರಿದ ದಿನ ಡಾಕ್ಟರ್ ಹೇಳಿದಷ್ಟು ಪ್ರೆಡ್ನಿಸೊಲೋನ್ ಅನ್ನುವ ಸ್ಟೆರಾಯ್ಡ್ ಔಷಧಿ ಒಂದು ಡೋಸ್ ಕೊಟ್ಟರೆ ಕೆಲವೇ ಗಂಟೆಯಲ್ಲಿ ಇಳಿದುಬಿಡುತ್ತಿತ್ತು, ನೋಡಿ ನಂಬಲಾಗಲಿಲ್ಲ. ಆದರೆ ಮುಂದಿನ ಜ್ವರ 17ನೇ ದಿನಕ್ಕೇ ಬಂತು. ಹೀಗಾಗುವುದುಂಟಂತೆ. ಅದಕ್ಕೆ ತೀರಾ ಬೇಕಾದಾಗ ಮಾತ್ರ ಕೊಡುತ್ತೇವೆ. ಟಾನ್ಸಿಲ್ ತೆಗೆಸಿದರೆ ಹಲವು ಮಕ್ಕಳಲ್ಲಿ ಜ್ವರ ನಿಲ್ಲುತ್ತದೆ, ನಾವು ಇನ್ನೂ ತೀರ್ಮಾನ ಮಾಡಿಲ್ಲ.

ನಮ್ಮ ಬದುಕು ಬದಲಾಗಿದ್ದು ಕ್ಯಾಲೆಂಡರಿನಿಂದ. ಜ್ವರ ಯಾವಾಗ ಬರುತ್ತದೆ ಅಂತ ಗೊತ್ತಿದ್ದರೆ ಯಾವಾಗ ಬರುವುದಿಲ್ಲ ಅಂತಲೂ ಗೊತ್ತಿರುತ್ತದೆ! ಇಷ್ಟು ಸಣ್ಣ ವಿಷಯ ಹೊಳೆಯಲು ನಮಗೆ ಎರಡು ವರ್ಷ ಬೇಕಾಯಿತು. ಜ್ವರದ ದಿನಕ್ಕೆ ಕೆಂಪು ಸುತ್ತು. ಅದು ಮುಗಿದು ನಾಲ್ಕು ದಿನ ಬಿಟ್ಟು ಮುಂದಿನ ಎರಡು ವಾರ ನಮ್ಮದು. ಲಸಿಕೆ, ಕಿವಿ ಟೆಸ್ಟು, ಮೈಸೂರಿನ ಮಾತಿನ ಥೆರಪಿ, ಅಂಗನವಾಡಿಯ ಹಬ್ಬ, ಎಲ್ಲ ಆ ಎರಡು ವಾರದೊಳಗೆ. ಕೌಂಟರಿನಲ್ಲಿ ತಾರೀಖು ಕೊಟ್ಟರೆ "ಅವತ್ತು ಇವನಿಗೆ ಜ್ವರ ಇರುತ್ತೆ, ಒಂಬತ್ತು ದಿನ ಮುಂದೆ ಹಾಕಿ" ಅನ್ನುತ್ತೇನೆ. ಮುಂದಿನ ತಿಂಗಳ ಜ್ವರ ಇವರಿಗೆ ಈಗಲೇ ಹೇಗೆ ಗೊತ್ತು ಅಂತ ಮುಖ ನೋಡುತ್ತಾರೆ. ನೋಡಲಿ.

ಮಾತಿನ ತೊಂದರೆ ಅಂದರೆ ಹಾಸನದವರಿಗೆ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯೇ ನೆನಪಾಗುವುದು. ನಾವು ಬಸ್ಸಿನಲ್ಲಿ ಮೈಸೂರಿಗೆ ಹೋಗಿ ಬರುವುದನ್ನು ಶುರು ಮಾಡಿದೆವು. ಥೆರಪಿಸ್ಟ್ ಹುಡುಗಿ ಮೊದಲ ದಿನವೇ, ಜ್ವರದ ಐದು ದಿನ ನೀವು ಏನು ಮಾಡ್ತೀರಿ ಅಂತ ಕೇಳಿದಳು. ಒದ್ದೆಬಟ್ಟೆ ಹಾಕ್ತೀವಿ ಅಂದೆ. "ಹಾಗಾದ್ರೆ ಹಾಕುವಾಗ ಹೇಳಿ. ಬಟ್ಟೆ. ತಣ್ಣಗೆ. ಹಣೆ. ಕೈ. ಅವನು ಹೇಳಬೇಕಾಗಿಲ್ಲ, ಕೇಳಿಸಿಕೊಂಡ್ರೆ ಸಾಕು." ಹೊಸ ಮಾತು ಬಂದಾಗ ತಾರೀಖಿನ ಕೆಳಗೆ ಪೆನ್ಸಿಲಿನಲ್ಲಿ ಬರೆದಿಡಿ ಅಂತಲೂ ಹೇಳಿದಳು. ಜ್ವರ ಬಂದಾಗ ಇದ್ದ ಮಾತೂ ಕೆಲವು ದಿನ ನಿಂತುಹೋಗುತ್ತಿತ್ತು, ನನಗೆ ಗಾಬರಿ. ನಾಲ್ಕು ದಿನದಲ್ಲಿ ವಾಪಸ್ ಬಂದರೆ ಹೆದರಬೇಡಿ, ಬರದೇ ಹೋದರೆ ಮಾತ್ರ ಕಾಯಬೇಡಿ, ತಕ್ಷಣ ಕರೆದುಕೊಂಡು ಬನ್ನಿ ಅಂದಳು.

ಅತ್ತೆ ಇದನ್ನು ನನಗಿಂತ ಚೆನ್ನಾಗಿ ಮಾಡಿದರು. ಜ್ವರದ ಮಗುವಿನ ಪಕ್ಕ ಚಾಪೆ ಹಾಸಿಕೊಂಡು ಕೂತು, ಒಂದೊಂದು ಬೆರಳನ್ನೂ ಮಡಿಸಿ ಬಿಡಿಸಿ, ರಾಗವಾಗಿ, ಗಂಟೆಗಟ್ಟಲೆ.

ಈಗ ಅವನಿಗೆ ನಾಲ್ಕು ವರ್ಷ. ಓಡುತ್ತಾನೆ, ಬೀಳುತ್ತಾನೆ. ಮಾತು ಇನ್ನೂ ಓರಗೆಯವರಿಗಿಂತ ಹಿಂದೆ, "ರ" ಬರುವುದಿಲ್ಲ. ಮೈಸೂರಿಗೆ ಹೋಗುವುದು ನಿಂತಿಲ್ಲ. ಜ್ವರ ಈಗ ನಲವತ್ತು ದಿನಕ್ಕೊಮ್ಮೆ.

ಹೋದ ವಾರ ಸಂಜೆ ಅನ್ನಕ್ಕೆ ಇಡುತ್ತಿದ್ದೆ. ಆಟ ಬಿಟ್ಟು ಅಡುಗೆಮನೆ ಬಾಗಿಲಿಗೆ ಬಂದು ನಿಂತ. ತನ್ನ ಕೈಯನ್ನು ತಾನೇ ಹಣೆಗೆ ಇಟ್ಟುಕೊಂಡು, "ಅಮ್ಮ, ನಾಳೆ ಜ್ವಲ ಬಲುತ್ತೆ" ಅಂದ. ಮುಟ್ಟಿ ನೋಡಿದೆ, ಮೈ ತಣ್ಣಗಿತ್ತು. ಕಣ್ಣಿನ ಕೆಳಗೆ ಸ್ವಲ್ಪ ಕೆಂಪು. ಕ್ಯಾಲೆಂಡರ್ ನೋಡಿದರೆ ನನ್ನ ಲೆಕ್ಕದಲ್ಲಿ ಇನ್ನೂ ಮೂರು ದಿನ ಇತ್ತು. ಅತ್ತೆ ಎದ್ದು ಬಂದು ಕೆಂಪು ಪೆನ್ನು ತೆಗೆದುಕೊಂಡು ಅವನು ಹೇಳಿದ ದಿನಕ್ಕೇ ಸುತ್ತು ಹಾಕಿದರು. ನಾನು ಅದರ ಕೆಳಗೆ ಪೆನ್ಸಿಲಿನಲ್ಲಿ ಅವನ ಆ ಮಾತನ್ನು, "ಲ" ಇದ್ದಲ್ಲಿ "ಲ"ನೇ ಇಟ್ಟು, ಹಾಗೇ ಬರೆದೆ.